ಮೋಟಾರು ಸೈಕಲ್ಲಿನ ಹಿಂದಿನ ದೀಪ

ಮೋಟಾರು ಸೈಕಲ್ಲಿನ ಮುಂದಿನ ದೀಪ ಕೆಟ್ಟರೆ ಸವಾರನಿಗೆ ಆ ಕ್ಷಣದಲ್ಲೇ ತಿಳಿಯುತ್ತದೆ. ದಾರಿಯೇ ಕಾಣದೆ ಅವನು ನಿಲ್ಲಬೇಕಾಗುತ್ತದೆ. ಆದುದರಿಂದ ಅದರ ರಿಪೇರಿಯೂ ತಡವಾಗುವುದಿಲ್ಲ. ಹಿಂದಿನ ಕೆಂಪು ದೀಪದ ಸಂಗತಿ ಹಾಗಲ್ಲ. ಅದು ಉರಿದರೂ ಸವಾರನಿಗೆ ಕಾಣದು, ಆರಿದರೂ ಕಾಣದು. ಅದು ಇರುವುದು ಹಿಂದಿನಿಂದ ಬರುವವನ ಕಣ್ಣಿಗಾಗಿ. ಆದರೆ ಅದರಿಂದ ಉಳಿಯಬೇಕಾದ ಜೀವ ಮುಂದೆ ಕುಳಿತವನದು. ವಾರಗಟ್ಟಲೆ ಅದು ಕೆಟ್ಟಿದ್ದರೂ ವಾಹನದ ಓಟದಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ. ಈ ಒಂದು ಕಾರಣದಿಂದಲೇ ವಾಹನದ ಅಂಗಗಳಲ್ಲೆಲ್ಲ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದುದು ಹಿಂದಿನ ದೀಪ ಎನ್ನಬಹುದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ರಾತ್ರಿಯ ಪಯಣ ಅಪರೂಪದ್ದಲ್ಲ. ಬೆಳ್ತಂಗಡಿ ತಾಲೂಕಿನ ರಬ್ಬರು ತೋಟಗಳಿಗೆ ಟ್ಯಾಪಿಂಗಿಗೆ ಹೋಗುವವರು ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಾರೆ. ಹಾಲಿನ ಕ್ಯಾನನ್ನು ಕಟ್ಟಿಕೊಂಡು ಸೊಸೈಟಿಗೆ ಹೊರಡುವವರ ಹೊತ್ತೂ ಅದೇ. ಯಕ್ಷಗಾನ ಮೇಳಗಳ ತಿರುಗಾಟದ ದಿನಗಳಲ್ಲಿ ಆಟ ಮುಗಿಸಿ ನಡುರಾತ್ರಿಯ ಮೇಲೆ ಮನೆಗೆ ಮರಳುವವರು ಉಂಟು. ಮೂಡುಬಿದಿರೆಯ ಕಡಲಕೆರೆಯಲ್ಲಿ ಕಂಬಳ ನಡೆದರೆ ರಾತ್ರಿಯಿಡೀ ರಸ್ತೆಯಲ್ಲಿ ಜನ. ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳ ಮೇಲೆ ಬೆಳ್ತಂಗಡಿಗೆ ಹೋಗುವ ದಾರಿ ಮುಂದೆ ಚಾರ್ಮಾಡಿ ಘಾಟಿಯನ್ನು ಹತ್ತುತ್ತದೆ. ಮಳೆಗಾಲದಲ್ಲಿ ಆ ಘಾಟಿಯ ತಿರುವುಗಳಲ್ಲಿ ಮಂಜು ಕವಿದಾಗ ಹಿಂದಿನವನಿಗೆ ಮುಂದಿನ ವಾಹನದ ಗುರುತು ಹತ್ತುವುದು ಆ ಕೆಂಪು ಚುಕ್ಕೆಯಿಂದಲೇ ಹೊರತು ಬೇರೆಯದರಿಂದಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 105ನೆಯದು ಈ ದೀಪಗಳನ್ನು ಕುರಿತದ್ದು. ಹಿಂದಿನ ಕೆಂಪು ಬೆಳಕು 155 ಮೀಟರ್ ದೂರದಿಂದ ಕಾಣುವಂತಿರಬೇಕು; ನೋಂದಣಿ ಸಂಖ್ಯೆಯ ಫಲಕದ ಮೇಲೆ ಬಿಳಿಯ ಬೆಳಕು ಬೀಳಬೇಕು. 155 ಮೀಟರ್ ಎಂಬ ಲೆಕ್ಕದ ಬೆಲೆಯನ್ನು ಹೀಗೆ ತಿಳಿಯಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ದೀಪ ಸರಿಯಾಗಿದ್ದರೆ ಚಾಲಕನಿಗೆ ಒಂಬತ್ತು ಸೆಕೆಂಡುಗಳ ಅವಕಾಶ ಉಂಟು. ದೀಪವಿಲ್ಲದ ವಾಹನ 30 ಮೀಟರ್ ಹತ್ತಿರ ಬಂದಾಗ ಮಾತ್ರ ಕಂಡರೆ ಎರಡು ಸೆಕೆಂಡು ಸಹ ಇಲ್ಲ. ಕಣ್ಣು ಕಂಡು ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೇ ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ಒದ್ದೆಯಾದ ರಸ್ತೆಯಲ್ಲಿ ಉಳಿದ ದೂರ ಸಾಲದು.

ಹೋದ ವಿದ್ಯುತ್ತು ಮರಳಿ ಬರಬೇಕು

ಹಿಂದಿನ ದೀಪ ಆರಿದೊಡನೆ ನಾವು ಮಾಡುವ ಮೊದಲ ಕೆಲಸ ಹೊಸ ಬಲ್ಬು ತರುವುದು. ಬಲ್ಬು ಸುಟ್ಟಿದ್ದರೆ ಸರಿಯೇ. ಆದರೆ ನಮ್ಮ ಮಳೆಯ ನಾಡಿನಲ್ಲಿ ದೋಷವು ಬಹುಸಲ ಬಲ್ಬಿನಲ್ಲಿ ಇರುವುದಿಲ್ಲ. ವಿದ್ಯುತ್ತು ಮರಳಿ ಬರುವ ದಾರಿಯಲ್ಲಿ ಇರುತ್ತದೆ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬಿ.ಸಿ. ರೋಡಿನಿಂದ ಧರ್ಮಸ್ಥಳಕ್ಕೆ ಹೋದ ಬಸ್ಸು ಹಿಂದಿರುಗಿ ಬಂದರೆ ತಾನೇ ಮರುದಿನದ ಪ್ರಯಾಣ? ವಿದ್ಯುತ್ತಿನದೂ ಹಾಗೆಯೇ. ಅದು ಬ್ಯಾಟರಿಯ ಒಂದು ತುದಿಯಿಂದ ಹೊರಟು, ಫ್ಯೂಜು, ಸ್ವಿಚ್ಚು, ತಂತಿಗಳ ಮೂಲಕ ಬಲ್ಬಿನ ತಂತುವನ್ನು ಹೊಕ್ಕು, ಬ್ಯಾಟರಿಯ ಇನ್ನೊಂದು ತುದಿಗೆ ಮರಳಬೇಕು. ಹೋಗುವ ದಾರಿಗೆ ಬಣ್ಣಬಣ್ಣದ ತಂತಿಗಳಿವೆ. ಮರಳುವ ದಾರಿಗೆ ಹಳೆಯ ವಾಹನಗಳಲ್ಲಿ ಪ್ರತ್ಯೇಕ ತಂತಿ ಇರುತ್ತಿದ್ದುದು ಕಡಿಮೆ. ಮಡ್‌ಗಾರ್ಡಿನ ತಗಡು, ಅದರ ಬೋಲ್ಟು, ಚಾಸಿಯ ಉಕ್ಕು, ಇವೇ ಆ ದಾರಿ. ಇದಕ್ಕೆ ಮೆಕ್ಯಾನಿಕರು ‘ಅರ್ತ್’ ಎನ್ನುತ್ತಾರೆ. ಟೈರುಗಳ ಮೇಲೆ ನಿಂತ ವಾಹನಕ್ಕೂ ನೆಲಕ್ಕೂ ಇದರಿಂದ ಯಾವ ಸಂಬಂಧವೂ ಇಲ್ಲ. ಹೆಸರು ಮಾತ್ರ ಹಾಗೆ. ಹಿಂದಿನ ಕಾಲದ ವಾಲ್ವು ರೇಡಿಯೋಗಳಿಗೆ ಏರಿಯಲ್ ತಂತಿಯೊಂದು, ಅರ್ತ್ ತಂತಿಯೊಂದು ಇರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅರ್ತ್ ತಂತಿ ಸಡಿಲವಾದಾಗ ರೇಡಿಯೋದಲ್ಲಿ ಗರಗರ ಸದ್ದು ಕೇಳುತ್ತಿತ್ತು. ಅಲ್ಲಿ ಕಿವಿಗೆ ಕೇಳುತ್ತಿದ್ದ ಸಡಿಲು ಇಲ್ಲಿ ಕಣ್ಣಿಗೆ ದೀಪದ ಮಿಣುಕಾಟವಾಗಿ ಕಾಣುತ್ತದೆ.

ಈಗಿನ ವಾಹನಗಳ ಹಿಂಭಾಗ ಪ್ಲಾಸ್ಟಿಕ್ಕಿನದು. ಆದುದರಿಂದ ಮರಳುವ ದಾರಿಗೂ ತಂತಿ ಹಾಕಿರುತ್ತಾರೆ. ಹೋಂಡಾ ಮಾದರಿಯವುಗಳಲ್ಲಿ ಅದು ಸಾಮಾನ್ಯವಾಗಿ ಹಸಿರು, ಯಮಹಾ ಮಾದರಿಯವುಗಳಲ್ಲಿ ಕಪ್ಪು. ಆ ತಂತಿಯೂ ಕೊನೆಗೆ ಎಲ್ಲೋ ಒಂದು ಕಡೆ ಬೋಲ್ಟಿನ ಅಡಿಯಲ್ಲಿ ಚಾಸಿಗೆ ಸೇರುತ್ತದೆ. ತುಕ್ಕು ಹಿಡಿಯುವುದು ಅಲ್ಲಿಯೇ.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಿಂದಿನ ಚಕ್ರ ಎರಚಿದ ಕೆಂಪು ಕೆಸರು ಮಡ್‌ಗಾರ್ಡಿನ ಅಡಿಯಲ್ಲಿ ಅಂಟಿಕೊಂಡು ತೇವವನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಉಕ್ಕಿಗೆ ತುಕ್ಕು, ಹಿತ್ತಾಳೆ ತಾಮ್ರಗಳಿಗೆ ಹಸಿರು ಕಿಲುಬು. ಮನೆಯ ದೀಪದ ಕಂಬಕ್ಕೆ ಹಿಡಿಯುವ ಅದೇ ಕಿಲುಬು ಬಲ್ಬಿನ ಹೋಲ್ಡರಿಗೂ ಹಿಡಿಯುತ್ತದೆ. ಇವೆರಡೂ ವಿದ್ಯುತ್ತಿಗೆ ತಡೆಗಳು.

ಈ ತಡೆ ಅಲ್ಪವಾದರೂ ನಷ್ಟ ಅಲ್ಪವಲ್ಲ. ಸಾಮಾನ್ಯ ಹಿಂದಿನ ಬಲ್ಬಿನಲ್ಲಿ ಎರಡು ತಂತುಗಳು: ಸದಾ ಉರಿಯಲು 5 ವಾಟಿನದೊಂದು, ಬ್ರೇಕು ಒತ್ತಿದಾಗ ಉರಿಯಲು 21 ವಾಟಿನದೊಂದು. 12 ವೋಲ್ಟಿನ ವಾಹನದಲ್ಲಿ ಮೊದಲನೆಯದು ಅರ್ಧ ಆಂಪಿಯರಿಗಿಂತ ಕಡಿಮೆ ವಿದ್ಯುತ್ತನ್ನೂ ಎರಡನೆಯದು ಒಂದೂಮುಕ್ಕಾಲು ಆಂಪಿಯರನ್ನೂ ಎಳೆಯುತ್ತವೆ. ದಾರಿಯಲ್ಲಿ ಒಂದೇ ಒಂದು ಓಮಿನಷ್ಟು ತುಕ್ಕಿನ ತಡೆ ಇದ್ದರೆ ಬ್ರೇಕಿನ ದೀಪಕ್ಕೆ ಹನ್ನೆರಡರ ಬದಲು ಹತ್ತೂವರೆ ವೋಲ್ಟು ದೊರೆಯುತ್ತದೆ. ಬೆಳಕು ಮೂರನೆಯ ಒಂದು ಪಾಲಿನಷ್ಟು ಕುಗ್ಗುತ್ತದೆ. 6 ವೋಲ್ಟಿನ ಹಳೆಯ ವಾಹನಗಳಲ್ಲಿ ಇದು ಇನ್ನೂ ಕಷ್ಟ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ವಾಹನಗಳು ತಯಾರಾದವು. ಅಲ್ಲಿಯ ಹಳೆಯ ಜಾವಾಗಳು 6 ವೋಲ್ಟಿನವು. ಅವನ್ನು ಅಕ್ಕರೆಯಿಂದ ಇಟ್ಟುಕೊಂಡವರು ಇಂದಿಗೂ ಇದ್ದಾರೆ. 21 ವಾಟಿನ ದೀಪಕ್ಕೆ ಅಲ್ಲಿ ಮೂರೂವರೆ ಆಂಪಿಯರ್ ಬೇಕು. ಅದೇ ಒಂದು ಓಮಿನ ತಡೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ವೋಲ್ಟನ್ನು ನುಂಗುತ್ತದೆ. ಬೆಳಕು ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಳೆಯ ಗಾಡಿಯ ದೀಪ ಮಂದವೆಂದು ತಯಾರಕರನ್ನು ದೂರುವ ಮೊದಲು ಅದರ ಬೋಲ್ಟುಗಳನ್ನು ಬಿಚ್ಚಿ ನೋಡುವುದು ನ್ಯಾಯ.

ಲಕ್ಷಣದಿಂದ ರೋಗ

ವೈದ್ಯನು ನಾಡಿ ಹಿಡಿಯುವ ಮೊದಲು ರೋಗಿಯ ಮುಖ ನೋಡುವಂತೆ, ಇಲ್ಲಿಯೂ ಮೊದಲು ಲಕ್ಷಣವನ್ನು ನೋಡಬೇಕು. ಕತ್ತಲಾದ ಮೇಲೆ ವಾಹನದ ಬೆನ್ನನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದರೆ ಗೋಡೆಯ ಮೇಲೆ ಬೀಳುವ ಕೆಂಪು ಬೆಳಕೇ ಎಲ್ಲವನ್ನೂ ಹೇಳುತ್ತದೆ.

ಬ್ರೇಕು ಒತ್ತಿದೊಡನೆ ಬೆಳಕು ಏರುವ ಬದಲು ಕುಗ್ಗಿದರೆ, ಅಥವಾ ತಿರುವಿನ ದೀಪ ಮಿಣುಕಿದಂತೆಲ್ಲ ಹಿಂದಿನ ದೀಪವೂ ತಾಳಕ್ಕೆ ಸರಿಯಾಗಿ ಮಂಕಾದರೆ, ಮರಳುವ ದಾರಿಯನ್ನು ಶಂಕಿಸಬೇಕು. ಒಂದೇ ಇಕ್ಕಟ್ಟಿನ ಬಾಗಿಲಲ್ಲಿ ಎಲ್ಲರೂ ನುಗ್ಗಿದಂತೆ, ಎಲ್ಲ ದೀಪಗಳ ವಿದ್ಯುತ್ತೂ ತುಕ್ಕು ಹಿಡಿದ ಒಂದೇ ಬೋಲ್ಟಿನ ಮೂಲಕ ಹೊರಬೀಳಲು ಹೆಣಗುತ್ತಿದೆ ಎಂದು ಅರ್ಥ.

ಸದಾ ಉರಿಯುವ ದೀಪ, ಬ್ರೇಕಿನ ದೀಪ, ಎರಡೂ ಒಟ್ಟಿಗೆ ಆರಿದರೆ ಎರಡು ತಂತುಗಳೂ ಏಕಕಾಲಕ್ಕೆ ಸುಟ್ಟವೆಂದು ತಿಳಿಯುವುದಕ್ಕಿಂತ, ಎರಡಕ್ಕೂ ಸಾಮಾನ್ಯವಾದ ಅರ್ತನ್ನಾಗಲಿ, ತಂತಿಗಳ ಜೋಡಣೆಯನ್ನಾಗಲಿ, ಫ್ಯೂಜನ್ನಾಗಲಿ ನೋಡುವುದು ಬುದ್ಧಿವಂತಿಕೆ.

ಬ್ರೇಕಿನ ದೀಪ ಮಾತ್ರ ಬಾರದಿದ್ದರೆ ಅದರ ಸ್ವಿಚ್ಚುಗಳಿವೆ. ಕೈಬ್ರೇಕಿನ ಹಿಡಿಯ ಬುಡದಲ್ಲಿ ಒಂದು, ಕಾಲಿನ ಪೆಡಲಿನ ಬಳಿ ಸ್ಪ್ರಿಂಗಿನಿಂದ ಎಳೆಯಲ್ಪಡುವ ಇನ್ನೊಂದು. ಕೈಯದು ಒತ್ತಿದರೆ ಉರಿದು ಕಾಲಿನದು ಒತ್ತಿದರೆ ಉರಿಯದಿದ್ದರೆ ಬಲ್ಬೂ ಅರ್ತೂ ನಿರಪರಾಧಿಗಳು. ಕಾಲಿನ ಸ್ವಿಚ್ಚಿನಲ್ಲಿ ಕೆಸರು ತುಂಬಿದೆ ಅಥವಾ ಸ್ಪ್ರಿಂಗು ಜಾರಿದೆ. ಇದಕ್ಕೆ ವಿರುದ್ಧವಾಗಿ ಬ್ರೇಕಿನ ದೀಪ ಆರದೆ ಉರಿಯುತ್ತಲೇ ಇದ್ದರೆ ಅದೂ ಅಪಾಯವೇ. ನೀವು ನಿಜವಾಗಿ ನಿಲ್ಲುವಾಗ ಹಿಂದಿನವನಿಗೆ ಹೊಸ ಸೂಚನೆ ಏನೂ ಸಿಗುವುದಿಲ್ಲ.

ಹೊಸ ಬಲ್ಬುಗಳು ಮೇಲಿಂದ ಮೇಲೆ ಸುಡುತ್ತಿದ್ದರೆ ವೋಲ್ಟನ್ನು ಅಂಕೆಯಲ್ಲಿಡುವ ರೆಗ್ಯುಲೇಟರು ಕೆಟ್ಟಿರಬಹುದು. ಆಗ ಇನ್ನೊಂದು ಬಲ್ಬು ಹಾಕಿ ಪ್ರಯೋಜನವಿಲ್ಲ.

ಒಂದು ಪರೀಕ್ಷಾ ದೀಪ

ಬಲ್ಬಿನ ವಾಹನಗಳಿಗೆ ಈ ಹುಡುಕಾಟಕ್ಕೆ ದೊಡ್ಡ ಉಪಕರಣಗಳು ಬೇಡ. 12 ವೋಲ್ಟು 5 ವಾಟಿನ ಒಂದು ಬಲ್ಬು, ಅದರ ಹೋಲ್ಡರು, ಎರಡು ಮಾರು ತಂತಿ; ಇಷ್ಟರಿಂದ ಪರೀಕ್ಷಾ ದೀಪ ಸಿದ್ಧವಾಗುತ್ತದೆ. ವಾಹನ 6 ವೋಲ್ಟಿನದಾದರೆ ಬಲ್ಬೂ 6 ವೋಲ್ಟಿನದೇ ಇರಲಿ. ಮಲ್ಟಿಮೀಟರು ಇದ್ದರೆ ಇನ್ನೂ ಒಳ್ಳೆಯದು.

ಮೊದಲು ಕೆಂಪು ಮುಚ್ಚಳವನ್ನು ಬಿಚ್ಚಿ ಬಲ್ಬನ್ನು ಹೊರತೆಗೆಯಿರಿ. ತಂತು ತುಂಡಾಗಿದೆಯೇ, ಗಾಜು ಕಪ್ಪಾಗಿದೆಯೇ ನೋಡಿ. ಕಣ್ಣನ್ನೇ ನಂಬದೆ ಬಲ್ಬನ್ನು ನೇರವಾಗಿ ಬ್ಯಾಟರಿಗೆ ತಾಗಿಸಿ ನೋಡುವುದು ಲೇಸು. ಎರಡು ತಂತುಗಳ ಬಲ್ಬಿನ ಬದಿಯ ಮೊಳೆಗಳು ಒಂದೇ ಮಟ್ಟದಲ್ಲಿ ಇರುವುದಿಲ್ಲ. ತಿರುಗುಮುರುಗಾಗಿ ಕೂರಬಾರದೆಂದೇ ಆ ಏರ್ಪಾಡು. ಬಲದಿಂದ ತುರುಕಿದರೆ ಸದಾ ಉರಿಯಬೇಕಾದುದು ಬ್ರೇಕಿಗೂ ಬ್ರೇಕಿನದು ಸದಾ ಉರಿಯುವುದಕ್ಕೂ ಅದಲುಬದಲಾಗುತ್ತದೆ.

ಬಲ್ಬು ಸರಿಯಿದ್ದರೆ ಸ್ವಿಚ್ಚನ್ನು ಹಾಕಿ, ಪರೀಕ್ಷಾ ದೀಪದ ಒಂದು ತಂತಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಹೋಲ್ಡರಿನ ಒಳಗಿನ ಗುಂಡಿಗೂ ತಾಗಿಸಿ. ಅನೇಕ ಹಳೆಯ ಮಾದರಿಗಳಲ್ಲಿ ಮುಂದಿನ ದೀಪಕ್ಕೂ ಹಿಂದಿನ ದೀಪಕ್ಕೂ ವಿದ್ಯುತ್ತು ಬರುವುದು ಬ್ಯಾಟರಿಯಿಂದಲ್ಲ, ತಿರುಗುವ ಎಂಜಿನಿನಿಂದ. ಅಂಥವುಗಳಲ್ಲಿ ಎಂಜಿನು ಓಡುತ್ತಿರುವಾಗಲೇ ಪರೀಕ್ಷಿಸಬೇಕು, ಅದೂ ಬಯಲಿನಲ್ಲಿ. ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆ ವಿಷ. ಪರೀಕ್ಷಾ ದೀಪ ಉರಿದರೆ ಹೋಗುವ ದಾರಿ ನೆಟ್ಟಗಿದೆ ಎಂದಾಯಿತು. ಈಗ ವಾಹನದ ಬಲ್ಬನ್ನು ಅದರ ಜಾಗದಲ್ಲಿ ಕೂರಿಸಿ, ಒಂದು ಬರಿಯ ತಂತಿಯಿಂದ ಹೋಲ್ಡರಿನ ಹೊರಕವಚವನ್ನೂ ಬ್ಯಾಟರಿಯ ಋಣ ತುದಿಯನ್ನೂ ಜೋಡಿಸಿರಿ. ಆರಿದ್ದ ದೀಪ ಹೊತ್ತಿಕೊಂಡರೆ, ಮಂಕಾಗಿದ್ದುದು ಬೆಳಗಿದರೆ, ಕಳ್ಳ ಸಿಕ್ಕಂತೆಯೇ: ಮರಳುವ ದಾರಿ ಕೆಟ್ಟಿದೆ. ಮಲ್ಟಿಮೀಟರು ಇರುವವರು ದೀಪ ಉರಿಯುತ್ತಿರುವಾಗ ಅದೇ ಎರಡು ಜಾಗಗಳ ನಡುವೆ ವೋಲ್ಟನ್ನು ಅಳೆಯಬಹುದು. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಬೋಲ್ಟುಗಳನ್ನು ಬಿಚ್ಚಿ ತಿಕ್ಕತಕ್ಕದ್ದು.

ಹೋಲ್ಡರಿನಲ್ಲಿ ಪರೀಕ್ಷಾ ದೀಪ ಉರಿಯದಿದ್ದರೆ ದೋಷ ಹಿಂದೆ, ಬ್ಯಾಟರಿಯ ಕಡೆಗೆ ಇದೆ. ಆಗ ತಂತಿಯುದ್ದಕ್ಕೂ ಅಂಗುಲ ಅಂಗುಲ ಹುಡುಕಬೇಕಾಗಿಲ್ಲ. ಸುಮಾರು ಅರ್ಧ ದಾರಿಯಲ್ಲಿ, ಸೀಟಿನ ಅಡಿಯ ಜೋಡಣೆಯಲ್ಲಿ, ಪರೀಕ್ಷಿಸಿರಿ. ಅಲ್ಲಿ ವಿದ್ಯುತ್ತು ಉಂಟಾದರೆ ದೋಷ ಅಲ್ಲಿಂದ ದೀಪದವರೆಗೆ. ಇಲ್ಲವಾದರೆ ಅಲ್ಲಿಂದ ಬ್ಯಾಟರಿಯವರೆಗೆ. ಹೀಗೆ ಪ್ರತಿಸಲವೂ ಅರ್ಧವನ್ನು ಬಿಟ್ಟುಬಿಟ್ಟರೆ ನಾಲ್ಕೈದು ಪರೀಕ್ಷೆಗಳಲ್ಲಿ ಜಾಗ ಸಿಗುತ್ತದೆ.

ಸಾಮಾನ್ಯವಾಗಿ ತಂತಿ ಕೆಡುವ ಜಾಗಗಳು ಕೆಲವು. ಹ್ಯಾಂಡಲು ತಿರುಗುವ ಕತ್ತಿನ ಬಳಿ ತಂತಿ ಬಾಗಿ ಬಾಗಿ ಒಳಗೇ ಮುರಿಯುತ್ತದೆ. ಹೊರಗಿನ ಹೊದಿಕೆ ನೋಡಲು ಸರಿಯಾಗಿಯೇ ಇರುತ್ತದೆ. ದೀಪ ಹಾಕಿ ಹ್ಯಾಂಡಲನ್ನು ಎಡಬಲಕ್ಕೆ ತಿರುಗಿಸಿದಾಗ ಮಿಣುಕಿದರೆ ಅಲ್ಲಿಯೇ. ಮಡ್‌ಗಾರ್ಡಿನ ತಗಡಿನ ಅಂಚಿನಲ್ಲಿ ತಂತಿ ಉಜ್ಜಿ ಹೊದಿಕೆ ಸವೆಯುತ್ತದೆ. ಸೀರೆ ತಡೆ, ಸಾಮಾನು ಹೇರುವ ಕ್ಯಾರಿಯರು ಇವನ್ನು ಆಮೇಲೆ ಜೋಡಿಸಿದವರು ಬೋಲ್ಟಿನ ಅಡಿಯಲ್ಲಿ ತಂತಿಯನ್ನು ಸಿಕ್ಕಿಸಿರುವುದೂ ಉಂಟು. ಅಡಿಕೆ ಮೂಟೆಯ ಭಾರಕ್ಕೆ ಕ್ಯಾರಿಯರು ಕೆಳಗಿಳಿದಾಗ ಅದು ಕತ್ತರಿಯಂತೆ ಕೆಲಸ ಮಾಡುತ್ತದೆ. ಕೊಟ್ಟಿಗೆಯಲ್ಲಿ ನಿಂತ ಗಾಡಿಯ ತಂತಿಗೆ ಇಲಿಯ ಹಲ್ಲೂ ತಾಗಬಹುದು.

ರಿಪೇರಿಯ ಹದ

ಕೈಹಾಕುವ ಮೊದಲು ಬ್ಯಾಟರಿಯ ಋಣ ತುದಿಯ ತಂತಿಯನ್ನು ಕಳಚಿರಿ. ಮೊದಲು ಋಣವನ್ನೇ ಏಕೆ ಎಂದರೆ, ಸ್ಪ್ಯಾನರು ಜಾರಿ ಚಾಸಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಬೋಲ್ಟಿನ ಅಡಿಯ ಬಣ್ಣವನ್ನೂ ತುಕ್ಕನ್ನೂ ಉಜ್ಜುಕಾಗದದಿಂದ ತೆಗೆದು, ಲೋಹ ಹೊಳೆಯುವಂತೆ ಮಾಡಿ, ಬಿಗಿಯಾಗಿ ಕೂರಿಸಿ. ಹೋಲ್ಡರಿನ ಒಳಗನ್ನೂ ಹಾಗೆಯೇ ತಿಕ್ಕಿ ಒಣಬಟ್ಟೆಯಿಂದ ಒರಸಿ. ಮನೆಯ ಹಿತ್ತಾಳೆ ಪಾತ್ರೆಗೆ ಹುಣಿಸೆಹುಳಿ ಒಳ್ಳೆಯದು. ಇಲ್ಲಿ ಅದು ಸಲ್ಲದು. ಪಾತ್ರೆಯನ್ನು ನೀರಿನಲ್ಲಿ ತೊಳೆಯುತ್ತೇವೆ, ಹೋಲ್ಡರನ್ನು ಹಾಗೆ ತೊಳೆಯಲಾಗದು. ಉಳಿದ ಹುಳಿ ಹೊಸ ಕಿಲುಬಿಗೆ ದಾರಿ ಮಾಡುತ್ತದೆ. ತೆಂಗಿನೆಣ್ಣೆಯನ್ನೂ ಸವರಬಾರದು, ಅದು ಕ್ರಮೇಣ ಅಂಟಾಗಿ ಧೂಳನ್ನು ಹಿಡಿಯುತ್ತದೆ. ಜೋಡಿಸಿದ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿದರೆ ತೇವ ಒಳಗೆ ಇಳಿಯುವುದಿಲ್ಲ. ಮರಳುವ ದಾರಿಯ ಬಗ್ಗೆ ಸಂಶಯವೇ ಬೇಡವೆನ್ನುವವರು ಹೋಲ್ಡರಿನ ಕವಚದಿಂದ ಚಾಸಿಯ ಒಳ್ಳೆಯ ಬೋಲ್ಟಿಗೆ ಒಂದು ಪ್ರತ್ಯೇಕ ತಂತಿಯನ್ನೇ ಹಾಕಿಸಬಹುದು. ಅಲ್ಪ ಖರ್ಚಿನ ಕೆಲಸ. ಹಳೆಯ ಗಾಡಿಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ತುಂಡಾದ ತಂತಿಯನ್ನು ಬರಿದೇ ಹೊಸೆದು ಟೇಪು ಸುತ್ತಿದರೆ ಒಂದು ಮಳೆಗಾಲವೂ ಬಾಳದು. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆಯನ್ನು ಅದರ ಮೇಲೆ ತೊಡಿಸಬೇಕು. ಹಿಂದೆ ರೇಡಿಯೋ ಏರಿಯಲ್ ತಂತಿಯನ್ನು ಕಿಟಕಿಯೊಳಗೆ ತರುವಾಗ ಹೊರಗೆ ಸ್ವಲ್ಪ ಜೋಲುಬಿಟ್ಟು ಮಳೆನೀರು ಅಲ್ಲೇ ತೊಟ್ಟಿಕ್ಕುವಂತೆ ಮಾಡುತ್ತಿದ್ದರು. ಅದೇ ಯುಕ್ತಿ ಇಲ್ಲಿಯೂ ಸಲ್ಲುತ್ತದೆ. ಜೋಡಣೆಗೆ ಮುಂಚೆ ತಂತಿ ಒಂದಿಷ್ಟು ಕೆಳಗೆ ಜೋತಿರಲಿ. ನೀರು ತಂತಿಯಗುಂಟ ಹರಿದು ಜೋಡಣೆಯನ್ನು ಹೊಗದಿರಲಿ.

ಫ್ಯೂಜು ಸುಟ್ಟಿದ್ದರೆ ಅದೇ ಆಂಪಿಯರಿನ ಇನ್ನೊಂದನ್ನು ಹಾಕಿ. ಅದೂ ಸುಟ್ಟರೆ ತಂತಿ ಎಲ್ಲೋ ಚಾಸಿಗೆ ತಾಗುತ್ತಿದೆ ಎಂದು ತಿಳಿಯಿರಿ. ಅಂಥ ಸಮಯದಲ್ಲಿ ಸಿಗರೇಟು ಪೊಟ್ಟಣದ ಬೇಗಡೆಯನ್ನೋ ತಾಮ್ರದ ತಂತಿಯನ್ನೋ ಫ್ಯೂಜಿನ ಜಾಗಕ್ಕೆ ಸುತ್ತುವುದು ಬೆಂಕಿಯೊಡನೆ ಸರಸ. ಫ್ಯೂಜು ಸುಡದಿದ್ದರೆ ತಂತಿ ಸುಡುತ್ತದೆ. ತಂತಿಯ ಮಗ್ಗುಲಲ್ಲೇ ಪೆಟ್ರೋಲಿನ ಟ್ಯಾಂಕು ಇದೆ.

ಹೊಸ ವಾಹನಗಳ ಬಗ್ಗೆ ಎರಡು ಮಾತು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನು ಓಡುವಾಗ ಮುಂದಿನ ದೀಪ ತಾನಾಗಿ ಉರಿಯುವಂತೆ ಮಾಡಲಾಯಿತು. ಸ್ವಿಚ್ಚು ಮುಟ್ಟುವ ಪ್ರಮೇಯವೇ ಇಲ್ಲದುದರಿಂದ ಹಿಂದಿನದು ಉರಿಯುತ್ತಿದೆಯೇ ಎಂಬ ನೆನಪೂ ಸವಾರನಿಗೆ ಕಡಿಮೆ. ಎಲ್‌ಇಡಿ ದೀಪಗಳಿದ್ದರೆ ಒಳಗಿನ ಬಲ್ಬನ್ನು ಬದಲಿಸುವ ಕ್ರಮವಿಲ್ಲ, ಇಡೀ ದೀಪವನ್ನೇ ಬದಲಿಸಬೇಕಾದೀತು; ಅದಕ್ಕೆ ಮೊದಲು ತಂತಿಯ ಜೋಡಣೆಯನ್ನೂ ಅರ್ತನ್ನೂ ನೋಡಿದರೆ ಹಣ ಉಳಿದೀತು. ವಿದ್ಯುನ್ಮಾನ ನಿಯಂತ್ರಣವಿರುವ ಇಂಥ ವಾಹನಗಳ ತಂತಿಗಳನ್ನು ಸೂಜಿಯಿಂದ ಚುಚ್ಚುವುದಾಗಲಿ ಪರೀಕ್ಷಾ ದೀಪವನ್ನು ಎಲ್ಲೆಂದರಲ್ಲಿ ತಾಗಿಸುವುದಾಗಲಿ ಸಲ್ಲದು. ಮಲ್ಟಿಮೀಟರನ್ನೇ ಬಳಸಬೇಕು, ಇಲ್ಲವೆ ತಿಳಿದವರ ಕೈಗೆ ಕೊಡಬೇಕು.

ನಡುದಾರಿಯಲ್ಲಿ ರಾತ್ರಿ ದೀಪ ಆರಿದೆಯೆಂದು ತಿಳಿದರೆ ರಸ್ತೆಯ ಅಂಚಿನಿಂದ ಪೂರ್ತಿ ಹೊರಗೆ ನಿಲ್ಲಿಸಿ ನೋಡಿ. ಅಲ್ಲಿ ಸರಿಹೋಗದಿದ್ದರೆ ದೀಪವಿರುವ ಇನ್ನೊಂದು ವಾಹನವನ್ನು ನಿಮ್ಮ ಹಿಂದೆ ಬರುವಂತೆ ಕೇಳಿಕೊಳ್ಳಿ. ಮುಂದೆ ಹೋಗುವ ಗೆಳೆಯನಿಂದ ಪ್ರಯೋಜನವಿಲ್ಲ. ಸೈಕಲ್ಲಿಗೆ ಹಾಕುವ ಬ್ಯಾಟರಿಯ ಕೆಂಪು ದೀಪವೊಂದು ಚೀಲದಲ್ಲಿದ್ದರೆ ಆಪತ್ತಿಗೆ ಒದಗುತ್ತದೆ. ದೀಪದ ಬಳಿಯ ಕೆಂಪು ಪ್ರತಿಫಲಕವನ್ನು ಒರೆಸಿಡುವುದನ್ನೂ ಮರೆಯಬಾರದು. ಅದಕ್ಕೆ ವಿದ್ಯುತ್ತು ಬೇಡ. ಆದರೆ ಕೆಸರು ಮೆತ್ತಿದರೆ ಅದೂ ಕುರುಡು.

ಈ ತಪಾಸಣೆಗೆ ನಮ್ಮ ತುಳುನಾಡಿನ ಪಂಚಾಂಗವೇ ಎರಡು ಹೊತ್ತುಗಳನ್ನು ಗೊತ್ತುಮಾಡಿದಂತಿದೆ. ಮೇ ತಿಂಗಳ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವಾಗ, ಮಳೆ ಹಿಡಿಯುವ ಮೊದಲು, ಒಮ್ಮೆ ಬೋಲ್ಟುಗಳನ್ನು ಬಿಚ್ಚಿ ತಿಕ್ಕಿ ಕೂರಿಸಿ. ಮಳೆ ಕಳೆದು ದೀಪಾವಳಿ ಬಂದಾಗ, ರಾತ್ರಿಯ ಆಟಗಳೂ ಕಂಬಳಗಳೂ ಮತ್ತೆ ತೊಡಗುವ ಮೊದಲು, ಇನ್ನೊಮ್ಮೆ. ಉಳಿದ ದಿನಗಳ ಕೆಲಸ ಮನೆಯವರದು. ಸವಾರನಿಗೆ ಕಾಣದ ದೀಪ ಅಂಗಳದಲ್ಲಿ ನಿಂತವರಿಗೆ ಕಾಣುತ್ತದೆ. ಗಾಡಿ ಗೇಟು ದಾಟುವಾಗ ಒಮ್ಮೆ ಬ್ರೇಕು ಒತ್ತಲು ಹೇಳಿ, ಕೆಂಪು ಬೆಳಕು ಏರಿತೇ ಎಂದು ನೋಡಿ, ಏರದಿದ್ದರೆ ಅಲ್ಲಿಯೇ ಕೂಗಿ ನಿಲ್ಲಿಸಬೇಕು. ಅರ್ಧ ನಿಮಿಷದ ಕೆಲಸ, ಮಕ್ಕಳೂ ಮಾಡಬಲ್ಲರು.